ಮೆಟ್ಟು, ಕೆರ, ಕಾಲ್ಮರಿ: ನಮ್ಮ ಗಡಿಭಾಗದ ನಡಿಗೆಯ ಇತಿಹಾಸ

ಅಕ್ಕಲಕೋಟ ಸೀಮೆಯ ನಮ್ಮ ಮಂದಿ ಕಾಲಿಗೆ ಹಾಕುವುದಕ್ಕೆ ಒಂದೇ ಹೆಸರು ಇಟ್ಟವರಲ್ಲ. ಹಿರಿಯರು ಕೆರ ಅಂದರು, ಕಾಲ್ಮರಿ ಅಂದರು, ಮೆಟ್ಟು ಅಂದರು. ಮರಾಠಿ ಮಾತಾಡುವ ಮನೆಯವರು ವಹಾಣ ಅಂತಾರ. ಈಗಿನ ಹುಡುಗರಿಗೆ ಎಲ್ಲವೂ ಚಪ್ಪಲಿ, ಇಲ್ಲದಿದ್ದರೆ ಬೂಟು. ಇಷ್ಟು ಹೆಸರಿನಲ್ಲಿ ನನಗೆ ಮೆಟ್ಟು ಅನ್ನುವುದೇ ಸರಿ ಕಾಣುತ್ತದೆ. ಮೆಟ್ಟುವುದು ಅಂದರೆ ನೆಲಕ್ಕೆ ಕಾಲು ಊರಿ ನಿಲ್ಲುವುದು. ಕಾಲಿಗೆ ಹಾಕಿದ್ದು ಆ ಊರುವ ಕೆಲಸಕ್ಕೆ ಆಸರೆ ಆಗುತ್ತದೋ, ಅಡ್ಡಿ ಆಗುತ್ತದೋ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಚಂದದ ಮಾತಲ್ಲ, ಜೀವದ ಮಾತು. ಬಚ್ಚಲದಲ್ಲಿ ಜಾರಿ, ಪಾವಟಿಗೆ ಮೇಲೆ ಮುಗ್ಗರಿಸಿ, ಟೈಲ್ಸ್ ಹಾಕಿದ ಪಡಸಾಲಿಯಲ್ಲಿ ಬಿದ್ದು ತೊಡೆ ಎಲುಬು ಮುರಿದುಕೊಂಡ ಹಿರಿಯರು ಊರಿಗೆ ಇಬ್ಬರಾದರೂ ಇದ್ದಾರೆ. ಹೊಲದಲ್ಲಿ ನಲವತ್ತು ವರ್ಷ ಕುಂಟಿ ಹೊಡೆದವರು, ಬದುವಿನ ಮೇಲೆ ತಲೆಹೊರೆ ಹೊತ್ತು ನಡೆದವರು, ಮನೆಯೊಳಗೆ ಬಿದ್ದು ಹಾಸಿಗೆ ಹಿಡಿದರು. ವಯಸ್ಸು ಒಂದು ಕಾರಣ ಖರೆ. ಕಣ್ಣು ಮಂಜಾಗುವುದು, ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿಯುವುದು, ಇವೂ ಕಾರಣ. ಆದರೆ ಬಿದ್ದವರ ಕಾಲಲ್ಲಿ ಏನಿತ್ತು ಅಂತ ನಾವು ಕೇಳುವುದೇ ಇಲ್ಲ.

ಮೊದಲು ನೆಲದ ಮಾತು. ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಅಂಟಿನ ಹಾಗೆ ಹಿಡಿಯುತ್ತದೆ. ಜೋಳ ಕೊಯ್ದ ಮೇಲೆ ಉಳಿಯುವ ಕೂಳಿ ಈಟಿಯ ಹಾಗೆ ನಿಂತಿರುತ್ತದೆ. ಬದುವಿನ ತುಂಬ ಜಾಲಿ ಮುಳ್ಳು. ಊರ ಹತ್ತಿರ ಬಂದರೆ ಕಲ್ಲು ಗೊರಸಿನ ದಾರಿ. ಇಂಥ ನೆಲಕ್ಕೆ ಬೇಕಾದದ್ದು ಮುಳ್ಳು ತಡೆಯುವ ಗಟ್ಟಿ ಅಟ್ಟೆ, ಬಿರುಕಿನ ಅಂಚಿನಲ್ಲಿ ಕಾಲು ಹೊರಳದಂತೆ ಅಗಲವಾದ ತಳ, ಕಾಲಿನಿಂದ ಕಳಚದ ಕಟ್ಟು. ನಮ್ಮ ಹಳೆಯ ಮೆಟ್ಟು ಹುಟ್ಟಿದ್ದು ಈ ಲೆಕ್ಕದಿಂದ. ಈಗ ಜಗತ್ತೆಲ್ಲ ಅದನ್ನು ಕೊಲ್ಹಾಪುರಿ ಅಂತ ಕರೆಯುತ್ತದೆ.

ಅದನ್ನು ಕಟ್ಟುವ ರೀತಿ ನೋಡಿದವರಿಗೆ ಗೊತ್ತು. ಎಮ್ಮೆ ತೊಗಲನ್ನು ಸುಣ್ಣದ ನೀರಿನಲ್ಲಿ ಹಾಕಿ ಕೂದಲು ತೆಗೆಯುತ್ತಿದ್ದರು. ಆಮೇಲೆ ಜಾಲಿ ತೊಗಟೆ, ಅಳಲೆಕಾಯಿ ಕುಟ್ಟಿ ಹಾಕಿದ ನೀರಿನಲ್ಲಿ ವಾರಗಟ್ಟಲೆ ಇಟ್ಟು ಹದ ಮಾಡುತ್ತಿದ್ದರು. ಹದ ಮಾಡುವವರು ಡೋರರು, ಕಟ್ಟುವವರು ಸಮಗಾರರು. ತೊಗಲು ನೆನೆಸಿ, ಬಡಿದು, ಪದರದ ಮೇಲೆ ಪದರ ಇಟ್ಟು, ತೊಗಲಿನ ದಾರದಿಂದಲೇ ಹೊಲಿಯುತ್ತಿದ್ದರು. ಕಬ್ಬಿಣದ ಮೊಳೆ ಇಲ್ಲ. ಮೇಲಿನ ಪಟ್ಟಿಗೆ ಸಣ್ಣ ತೊಗಲಿನ ಜಡೆ ಹೆಣೆಯುವುದು ಮನೆಯ ಹೆಣ್ಣುಮಕ್ಕಳ ಕೆಲಸ.

ಅದರ ನಾಲ್ಕು ಅಂಗ ನೋಡಿರಿ. ಹೆಬ್ಬೆರಳಿಗೆ ಒಂದು ಉಂಗುರ. ಕಾಲಿನ ಮೇಲೆ ಅಡ್ಡ ಪಟ್ಟಿ. ಎರಡೂ ಬದಿಗೆ ಕಿವಿ ಎನ್ನುವ ತೊಗಲಿನ ಎಲೆ. ಕೆಳಗೆ ಸಪಾಟಾದ ಅಟ್ಟೆ. ಹೆಬ್ಬೆರಳ ಉಂಗುರ ಇರುವುದರಿಂದ ಕಾಲು ಎತ್ತಿದಾಗ ಮೆಟ್ಟು ಜೊತೆಗೇ ಏಳುತ್ತದೆ. ಅಡ್ಡ ಪಟ್ಟಿ ಮತ್ತು ಕಿವಿ ಕಾಲನ್ನು ಆ ಕಡೆ ಈ ಕಡೆ ಸರಿಯಲು ಬಿಡುವುದಿಲ್ಲ. ಹಿಮ್ಮಡಿಯೂ ಬೆರಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುವುದರಿಂದ ಮೈಭಾರ ಮುಂದಕ್ಕೆ ವಾಲುವುದಿಲ್ಲ. ಬೆರಳುಗಳು ತೆರೆದಿರುವುದರಿಂದ ಅಗಲವಾಗಿ ಹರಡಿ ನೆಲಕ್ಕೆ ಒತ್ತು ಕೊಡುತ್ತವೆ. ಕೆಲವು ತಿಂಗಳು ಮೆಟ್ಟಿದ ಮೇಲೆ ಅಂಗಾಲಿನ ಅಚ್ಚು ಅಟ್ಟೆಯಲ್ಲಿ ಇಳಿಯುತ್ತದೆ. ಹಿಮ್ಮಡಿಗೊಂದು ಕುಳಿ, ಬೆರಳಿಗೊಂದು ಕುಳಿ. ಒಬ್ಬನ ಮೆಟ್ಟು ಇನ್ನೊಬ್ಬನಿಗೆ ಹತ್ತುವುದಿಲ್ಲ ಅನ್ನುವುದು ಅದಕ್ಕೇ.

ಹಿಂದೆ ಮೆಟ್ಟು ಅಂಗಡಿಯಿಂದ ಬರುತ್ತಿರಲಿಲ್ಲ. ಆಯದ ಪದ್ಧತಿ ಇತ್ತು. ಸಮಗಾರರು ವರ್ಷವಿಡೀ ಮನೆಯವರ ಮೆಟ್ಟು, ಬಾರಕೋಲಿನ ಬಾರು, ಬಾವಿಯಿಂದ ನೀರೆತ್ತುವ ತೊಗಲ ಬಾನಿ ಮಾಡಿ, ರಿಪೇರಿ ಮಾಡಿ ಕೊಡುವುದು. ರೈತ ಸುಗ್ಗಿಯಲ್ಲಿ ಕಣದಿಂದ ಜೋಳ ಅಳೆದು ಕೊಡುವುದು. ಕಟ್ಟುವವನಿಗೆ ಊರ ಪ್ರತಿಯೊಬ್ಬನ ಕಾಲು ಗೊತ್ತು. ನಾನು ಹುಡುಗನಿದ್ದಾಗ ನಮ್ಮ ಊರ ಹಿರಿಯ ಸಮಗಾರರೊಬ್ಬರು ಹಳೆಯ ಮೆಟ್ಟು ತಿರುವಿ ತಳ ನೋಡಿ, 'ನಿಮ್ಮ ಅಪ್ಪಗ ಎಡಗಾಲ ಹೊರಗ ಭಾರ ಬೀಳ್ತದ, ಮೊಣಕಾಲ ನೋಯ್ತಿರಬೇಕ ಕೇಳು' ಅನ್ನುತ್ತಿದ್ದರು. ಮುಂದಿನ ಜೋಡಿಯಲ್ಲಿ ಆ ಬದಿಗೆ ಒಂದು ತೆಳು ತೊಗಲಿನ ತುಂಡು ಸೇರಿಸುತ್ತಿದ್ದರು. ಈಗ ಪಟ್ಟಣದ ಆಸ್ಪತ್ರೆಯಲ್ಲಿ ಪಾದದ ಅಚ್ಚು ತೆಗೆದು ಬೂಟಿನೊಳಗೆ ಹಾಕುವ ಮೆತ್ತೆ ಕೊಡುತ್ತಾರಲ್ಲ, ಇದೂ ಅದೇ ಕೆಲಸ. ಅಕ್ಷರ ಬಾರದ ಮನುಷ್ಯ ಸವೆದ ತಳವನ್ನು ಪುಸ್ತಕದ ಹಾಗೆ ಓದುತ್ತಿದ್ದ.

ಇಂಥ ಕೈಕೆಲಸದವರಿಗೆ ಊರು ಏನು ಕೊಟ್ಟಿತು ಅನ್ನುವುದನ್ನು ಬಿಟ್ಟು ಮೆಟ್ಟಿನ ಇತಿಹಾಸ ಬರೆದರೆ ಅದು ಅರ್ಧ ಇತಿಹಾಸ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಇದ್ದರು, ತೊಗಲು ಹದ ಮಾಡುವ ಡೋಹರ ಕಕ್ಕಯ್ಯ ಇದ್ದರು, ಮಾದಾರ ಚೆನ್ನಯ್ಯನವರ ಹೆಸರನ್ನು ಶರಣರು ಗೌರವದಿಂದ ಹೇಳಿದರು. ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಮೆಟ್ಟು ಮಾಡಿದರು, ಬಸವಣ್ಣ ಅದನ್ನು ಮೆಟ್ಟದೆ ತಲೆ ಮೇಲೆ ಇಟ್ಟುಕೊಂಡರು ಅನ್ನುವ ಕಥೆ ನಮ್ಮ ಭಜನೆಯವರಿಗೆಲ್ಲ ಗೊತ್ತು. ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆ ಆದದ್ದಕ್ಕೆ ಬಿಜ್ಜಳನ ಕಾಲದಲ್ಲಿ ಇಬ್ಬರು ಬೀಗರಿಗೂ ಮರಣದಂಡನೆ ಆಯಿತು. ಕಲ್ಯಾಣ ನಮಗೇನು ದೂರದ ಊರಲ್ಲ.

ಅದಾಗಿ ಎಂಟುನೂರು ವರ್ಷ ಕಳೆದ ಮೇಲೂ ನಮ್ಮ ಸೀಮೆಯ ಹಳ್ಳಿಗಳಲ್ಲಿ ಮೆಟ್ಟು ಕಟ್ಟುವವರು ವಾಡೆಯ ಮುಂದೆ ಮೆಟ್ಟು ಮೆಟ್ಟಿ ಹೋಗುವ ಹಾಗಿರಲಿಲ್ಲ. ಕೈಯಲ್ಲಿ ಹಿಡಿದುಕೊಂಡು, ಬಗ್ಗಿ, ದಾರಿಯ ಅಂಚಿಗೆ ನಡೆಯಬೇಕಿತ್ತು. ಮೆಟ್ಟು ಕಾಲಿನಿಂದ ಕೈಗೆ ಬಂದರೆ ನಡಿಗೆಯೇ ಬದಲಾಗುತ್ತದೆ. ಕಾದ ಕಲ್ಲಿನ ಮೇಲೆ ಬರಿಗಾಲು ನೆಟ್ಟಗೆ ಊರುವುದಿಲ್ಲ, ಬೆನ್ನು ನೆಟ್ಟಗೆ ನಿಲ್ಲುವುದಿಲ್ಲ. ನೆಟ್ಟಗೆ ನಡೆಯುವ ಹಕ್ಕು ಕೆಲವರಿಗೆ ಮಾತ್ರ ಇತ್ತು. ಹಳೆಯ ಮೆಟ್ಟನ್ನು ಹೊಗಳುವಾಗ ಇದನ್ನು ಮರೆಯಬಾರದು.

ಆ ಮೆಟ್ಟಿಗೂ ದೋಷಗಳಿದ್ದವು. ಹೊಸದು ಕಾಲು ಕಡಿಯುತ್ತಿತ್ತು. ಬೊಬ್ಬೆ ಎದ್ದು, ಔಡಲೆಣ್ಣೆ ಸವರಿ ಸವರಿ ಮೆತ್ತಗೆ ಮಾಡಬೇಕಿತ್ತು. ಹೊಲಕ್ಕೆ ಹಾಕುವ ಜೋಡಿ ಭಾಳ ಭಾರ, ವಯಸ್ಸಾದವರಿಗೆ ಎತ್ತಿ ಇಡುವುದೇ ದಣಿವು. ನೀರು ಬಿದ್ದರೆ ತೊಗಲು ಉಬ್ಬಿ ಸಡಿಲ ಆಗುತ್ತಿತ್ತು. ನಯವಾದ ತೊಗಲಿನ ತಳ ಹಸಿ ಕಲ್ಲಿನ ಮೇಲೆ ಜಾರುತ್ತಿತ್ತು. ಅದಕ್ಕೇ ಮಳೆಗಾಲದಲ್ಲಿ ಎರಿ ಹೊಲಕ್ಕೆ ಎಲ್ಲರೂ ಬರಿಗಾಲು. ಮಣ್ಣು ತಳಕ್ಕೆ ಅಂಟಿ ಅಂಟಿ ಒಂದೊಂದು ಕಾಲಿಗೆ ಒಂದೊಂದು ಗುಂಡು ಕಟ್ಟಿದ ಹಾಗೆ ಆಗುತ್ತದೆ, ತಳ ಉರುಟಾಗಿ ಕಾಲು ಹೊರಳುತ್ತದೆ. ಬರಿಗಾಲಿನ ಬೆರಳು ಕೆಸರಿನೊಳಗೆ ಇಳಿದು ಹಿಡಿಯುತ್ತದೆ. ಯಾವ ನೆಲಕ್ಕೆ ಯಾವುದು, ಯಾವ ಕಾಲಕ್ಕೆ ಯಾವುದು ಅನ್ನುವ ವಿವೇಕ ಇತ್ತು.

ಬರಿಗಾಲಿನ ಶಕ್ತಿ ನೋಡಬೇಕೆಂದರೆ ಸೊಲ್ಲಾಪುರದ ಗಡ್ಡೆ ಜಾತ್ರೆಗೆ ಹೋಗಬೇಕು. ಸಿದ್ಧರಾಮೇಶ್ವರರ ಆ ಜಾತ್ರೆ ಮಕರ ಸಂಕ್ರಾಂತಿಗೆ ಆಗುತ್ತದೆ. ಏಳು ನಂದಿಧ್ವಜಗಳು ಊರ ಸುತ್ತಲಿನ 68 ಲಿಂಗಗಳಿಗೆ ಹೊರಡುತ್ತವೆ. ಅಷ್ಟು ಎತ್ತರದ ಕಂಬವನ್ನು ಒಬ್ಬನೇ ನೆಟ್ಟಗೆ ಹಿಡಿದು ನಡೆಯುತ್ತಾನೆ, ಸುತ್ತಲಿನವರು ಸರದಿ ತೆಗೆದುಕೊಳ್ಳುತ್ತಾರೆ. ಗಾಳಿ ಬಂದು ಕಂಬದ ತುದಿ ಸ್ವಲ್ಪ ವಾಲಿದರೆ ಹೊತ್ತವನ ಕಣ್ಣು ಮೇಲಕ್ಕಿರುತ್ತದೆ, ಕೆಳಗೆ ನೋಡುವ ಹಾಗಿಲ್ಲ. ನೆಲದ ಸುದ್ದಿ ಹೇಳುವುದು ಅವನ ಅಂಗಾಲೊಂದೇ. ಅಂಗಾಲಿನ ಚರ್ಮಕ್ಕೆ ಒತ್ತು, ಇಳಿಜಾರು, ತೇವ ಎಲ್ಲ ತಿಳಿಯುತ್ತದೆ. ಆ ಸುದ್ದಿ ಮೇಲೆ ಹೋಗಿ, ಮೀನಖಂಡ, ಸೊಂಟ ತಾವಾಗಿಯೇ ಸರಿಹೊಂದುತ್ತವೆ. ನಾವು ಗೀಗೀ ಮೇಳದವರೂ ಮೆಟ್ಟು ಕೆಳಗೆ ಬಿಟ್ಟೇ ಅಟ್ಟದ ಮೇಲೆ ಹತ್ತುತ್ತೇವೆ. ಅದು ಭಕ್ತಿಗೂ ಹೌದು, ಕೆಲಸಕ್ಕೂ ಹೌದು. ದಪ್ಪು ಬಾರಿಸುತ್ತ ಹಿಂದೆ ಮುಂದೆ ಹೆಜ್ಜೆ ಹಾಕುವಾಗ ಹಲಗೆಯ ಸಂದು, ಎದ್ದ ಮೊಳೆ ಕಾಲಿಗೇ ತಿಳಿಯಬೇಕು. ಕಣ್ಣು ಕೂತ ಮಂದಿಯ ಮೇಲಿರುತ್ತದೆ.

ಕಾಲಿಗೂ ನೆಲಕ್ಕೂ ನಡುವೆ ಏನನ್ನು ಇಟ್ಟರೂ ಈ ಸುದ್ದಿ ಸ್ವಲ್ಪ ಕಡಿಮೆ ಆಗುತ್ತದೆ. ಎಷ್ಟು ಕಡಿಮೆ ಅನ್ನುವುದು ಆ ವಸ್ತುವಿನ ಮೇಲೆ ಹೋಗುತ್ತದೆ. ಕೆನಡಾ ದೇಶದ ಮಾಂಟ್ರಿಯಲ್‌ನ ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ 1992ರಲ್ಲಿ ಪ್ರಕಟಿಸಿದರು. ವಯಸ್ಸಾದ ಗಂಡಸರಿಗೆ ಬೇರೆ ಬೇರೆ ತಳದ ಬೂಟು ಕೊಟ್ಟು ಇಕ್ಕಟ್ಟಾದ ತೊಲೆಯ ಮೇಲೆ ನಡೆಸಿದರು. ತೆಳುವಾದ, ಗಟ್ಟಿಯಾದ ತಳದಲ್ಲಿ ಅವರು ಚೆನ್ನಾಗಿ ನಿಂತರು. ದಪ್ಪ, ಮೆತ್ತನೆಯ ತಳದಲ್ಲಿ ಹೆಚ್ಚು ಸಲ ತಪ್ಪಿದರು. ಹಾಯ್ ಅನಿಸುವುದು ಯಾವುದು ಅಂತ ಕೇಳಿದರೆ ಮಾತ್ರ ಮೆತ್ತನೆಯದನ್ನೇ ಮೆಚ್ಚಿದರು. ಅಂಗಡಿಯಲ್ಲಿ ಬೆರಳಿಂದ ಒತ್ತಿ ನೋಡಿ 'ಎಷ್ಟು ಮೆತ್ತಗದ' ಅಂತ ಅಪ್ಪನಿಗೆ ಕೊಂಡು ತರುವ ಮಕ್ಕಳು ಇದನ್ನು ಗಮನಿಸಬೇಕು. ಹತ್ತಿಯ ಗಾದಿ ಮೇಲೆ ಒಂಟಿಗಾಲಲ್ಲಿ ನಿಂತು ನೋಡಿದರೆ ಯಾರಿಗೂ ಅರ್ಥ ಆಗುತ್ತದೆ.

ಹಳೆಯ ಮೆಟ್ಟು ಹೋಗಿ ಹೊಸದು ಬಂದದ್ದು ಒಂದೇ ದಿನದಲ್ಲಲ್ಲ. ನೀರೆತ್ತಲು ಎಂಜಿನ್, ಕರೆಂಟಿನ ಮೋಟಾರು ಬಂದವು, ತೊಗಲ ಬಾನಿ ಬೇಡವಾಯಿತು. ಆಯ ನಿಂತಿತು. 1972ರ ಬರದಲ್ಲಿ ನಮ್ಮ ಸೀಮೆಯ ಮಂದಿ ಕಲ್ಲು ಒಡೆಯುವ, ಕೆರೆ ಅಗೆಯುವ ಕಾಮಗಾರಿಗೆ ಹೋದರು. ಖಡಿ ಮೇಲೆ ತೊಗಲು ಬಾಳುವುದಿಲ್ಲ, ಹೊಸದು ಕೊಳ್ಳಲು ರೊಕ್ಕ ಇಲ್ಲ. ಲಾರಿಯ ಹಳೆಯ ಟೈರು ಕೊಯ್ದು ಮಾಡಿದ ಚಪ್ಪಲಿ ಬಡವರನ್ನು ಕಾಯಿತು. ಭಾರ, ಒರಟು, ಬಿಸಿಲಿಗೆ ಕಾಯುತ್ತದೆ. ಆದರೂ ಅದರ ತಳದಲ್ಲಿ ಟೈರಿನ ಗೀರು ಇದ್ದದ್ದರಿಂದ ಜಾರುತ್ತಿರಲಿಲ್ಲ, ಹಿಂದೆ ಪಟ್ಟಿ ಇದ್ದದ್ದರಿಂದ ಕಳಚುತ್ತಿರಲಿಲ್ಲ. ಕೈಕೆಲಸದವರು ಸಾಮಾನು ಬದಲಿಸಿದರು, ಕಟ್ಟುವ ಜಾಣತನ ಬಿಡಲಿಲ್ಲ.

ಅದರ ಹಿಂದೆ ಹವಾಯಿ ಚಪ್ಪಲಿ ಮನೆಮನೆಗೆ ಬಂತು. ಅಗ್ಗ, ಹಗುರ, ನೀರಿಗೆ ಹೆದರುವುದಿಲ್ಲ. ಅದು ಬಂದ ಮೇಲೆಯೇ ನಮ್ಮ ಎಷ್ಟೋ ಹೆಣ್ಣುಮಕ್ಕಳ ಕಾಲಿಗೆ ಮೊದಲ ಸಲ ಮೆಟ್ಟು ಬಂತು, ಆ ಉಪಕಾರ ಸಣ್ಣದಲ್ಲ. ಆದರೆ ಅದರ ಕಟ್ಟು ನೋಡಿರಿ. ಇಡೀ ಕಾಲನ್ನು ಹಿಡಿಯುವುದು ಬೆರಳ ಸಂದಿನ ಒಂದು ರಬ್ಬರಿನ ಗೂಟ. ಹಿಮ್ಮಡಿಗೆ ಹಿಡಿತ ಇಲ್ಲ. ಕಳಚಬಾರದೆಂದು ಪ್ರತಿ ಹೆಜ್ಜೆಗೂ ಬೆರಳು ಮುದುಡಿ ಹಿಡಿಯಬೇಕು. ಮುದುಡಿದ ಬೆರಳು ನೆಲಕ್ಕೆ ಒತ್ತು ಕೊಡಲಾರದು. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದವರು 2008ರಲ್ಲಿ, ಇಂಥ ಚಪ್ಪಲಿ ಹಾಕಿದವರ ಹೆಜ್ಜೆ ಬೂಟು ಹಾಕಿದವರ ಹೆಜ್ಜೆಗಿಂತ ಗಿಡ್ಡ ಆಗುತ್ತದೆ ಅಂತ ಅಳೆದು ಹೇಳಿದರು. ಹಳೆಯ ಮಠಗಳ ಮರದ ಹಾವುಗೆಯದೂ ಇದೇ ಗೂಟದ ಕಟ್ಟು. ಸ್ವಾಮಿಗಳು ಅದನ್ನು ಮೆಟ್ಟಿ ನಾಲ್ಕು ಹೆಜ್ಜೆ ನಿಧಾನಕ್ಕೆ ನಡೆಯುತ್ತಿದ್ದರು, ಹೊಲಕ್ಕೆ ಹೋಗುತ್ತಿರಲಿಲ್ಲ. ನಮ್ಮ ಮಂದಿ ಹವಾಯಿ ಮೆಟ್ಟಿ ಹೊಲಕ್ಕೂ ಹೋಗುತ್ತಾರೆ, ಬಸ್ಸೂ ಹತ್ತುತ್ತಾರೆ, ತಳ ಸವೆದು ಕನ್ನಡಿ ಆದ ಮೇಲೂ ಬಚ್ಚಲದಲ್ಲಿ ಅದನ್ನೇ ಮೆಟ್ಟುತ್ತಾರೆ.

ಎತ್ತರದ ಹಿಮ್ಮಡಿಯ ಚಪ್ಪಲಿ ಈಗ ಮದುವೆ ಮನೆಗಳಲ್ಲಿ ಕಾಣುತ್ತದೆ. ಅದರ ಮೂಲ ನಡೆಯುವವರದ್ದೇ ಅಲ್ಲ. ಪರ್ಷಿಯಾದ ಕುದುರೆ ಸವಾರರು ರಿಕಾಪಿನಲ್ಲಿ ಕಾಲು ಜಾರದಿರಲಿ ಅಂತ ಹಿಮ್ಮಡಿ ಇಟ್ಟರು. ಅದು ಯುರೋಪಿಗೆ ಹೋಗಿ ದೊಡ್ಡವರ ಶೋಕಿ ಆಯಿತು. ಫ್ರಾನ್ಸಿನ ರಾಜ 14ನೇ ಲೂಯಿ ಕೆಂಪು ಹಿಮ್ಮಡಿಯ ಬೂಟು ಹಾಕುತ್ತಿದ್ದ. ಆಮೇಲೆ ಅದು ಹೆಂಗಸರ ಕಾಲಿಗೆ ಬಂತು. ಕುದುರೆ ಮೇಲೆ ಕೂಡಲು ಮಾಡಿದ್ದನ್ನು ಹಾಕಿ ಫರಸಿ ಮೇಲೆ ನಡೆದರೆ ಮೈಭಾರವೆಲ್ಲ ಬೆರಳ ಬುಡಕ್ಕೆ ಬೀಳುತ್ತದೆ, ಊರುವ ಜಾಗ ಸಣ್ಣದಾಗುತ್ತದೆ, ಮಣಿಕಟ್ಟು ಹೊರಳುವುದು ಸುಲಭ.

ಇಷ್ಟರ ನಡುವೆ ನಮ್ಮ ಗಡಿಯ ಒಂದು ಸಂಗತಿ ಹೇಳಲೇಬೇಕು. ಅಕ್ಕಲಕೋಟ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ರಾಜ್ಯಗಳನ್ನು ಹಂಚಿದಾಗ ವಿಜಯಪುರ, ಬೆಳಗಾವಿ ಆ ಕಡೆ ಹೋದವು, ನಾವು ಈ ಕಡೆ ಉಳಿದೆವು. 1960ರಲ್ಲಿ ಮಹಾರಾಷ್ಟ್ರ ಆಯಿತು. ಗೆರೆ ಬಿತ್ತು, ಮೆಟ್ಟಿಗೆ ಮಾತ್ರ ಗೆರೆ ಬೀಳಲಿಲ್ಲ. ಹೆಸರು ಕೊಲ್ಹಾಪುರದ್ದು. 1894ರಿಂದ 1922ರವರೆಗೆ ಅಲ್ಲಿ ಆಳಿದ ಶಾಹು ಮಹಾರಾಜರು ಈ ಕೆಲಸಕ್ಕೆ ಪ್ರೋತ್ಸಾಹ ಕೊಟ್ಟರು. ಆದರೆ ಅಥಣಿ, ನಿಪ್ಪಾಣಿ ಕಡೆಯ ಕನ್ನಡದ ಕೈಗಳೂ ಅದನ್ನೇ ಕಟ್ಟುತ್ತ ಬಂದವು. 2019ರಲ್ಲಿ ಸರಕಾರದ ಭೌಗೋಳಿಕ ಗುರುತು ಸಿಕ್ಕಾಗ ಎರಡೂ ರಾಜ್ಯಕ್ಕೆ ಕೂಡಿಯೇ ಸಿಕ್ಕಿತು. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟ, ವಿಜಯಪುರ, ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ನಮ್ಮ ಸೊಲ್ಲಾಪುರ, ಹೀಗೆ ಎಂಟು ಜಿಲ್ಲೆ. ಎರಡು ರಾಜ್ಯ ಜಗಳ ಇಲ್ಲದೆ ಹಂಚಿಕೊಂಡ ಸಾಮಾನು ಇಂಥವು ಎಷ್ಟಿವೆ?

2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಆಕಾರದ ಚಪ್ಪಲಿ ತೋರಿಸಿತು. ಮೊದಲು ಮೂಲದ ಹೆಸರು ಹೇಳಲಿಲ್ಲ, ಇಲ್ಲಿ ಗದ್ದಲ ಎದ್ದ ಮೇಲೆ ಭಾರತದ ಕೈಕೆಲಸದಿಂದ ಪಡೆದದ್ದು ಅಂತ ಒಪ್ಪಿಕೊಂಡಿತು. ಆಕಾರ ಯಾರದು ಅನ್ನುವ ಜಗಳ ಪತ್ರಿಕೆ ತುಂಬ ಬಂತು. ಆ ಆಕಾರ ಯಾಕೆ ಹಾಗಿದೆ, ಉಂಗುರ ಯಾಕೆ, ಕಿವಿ ಯಾಕೆ ಅನ್ನುವುದನ್ನು ನಮ್ಮ ಹುಡುಗರೂ ಕೇಳಲಿಲ್ಲ. ಆಕಾರ ಉಳಿಸಿ ಕಾರಣ ಮರೆತರೆ, ಪೇಟೆಯಲ್ಲಿ ರೆಕ್ಸಿನ್ನಿನ ಮೇಲೆ ಕೊಲ್ಹಾಪುರಿ ಚಿತ್ತಾರ ಅಂಟಿಸಿ ಮಾರುವ ಜಾರುವ ಚಪ್ಪಲಿಯೇ ನಮಗೆ ಉಳಿಯುವುದು.

ಹಾಗಂತ ಎಲ್ಲರೂ ಹಳೆಯ ಎಮ್ಮೆ ತೊಗಲಿನ ಮೆಟ್ಟಿಗೆ ಹಿಂದಿರುಗಿರಿ ಅಂತ ನಾನು ಹೇಳುವುದಿಲ್ಲ. ನೆಲ ಬದಲಾಗಿದೆ. ಸಗಣಿ ಸಾರಿಸಿದ ನೆಲ ಹೋಗಿ ಟೈಲ್ಸ್ ಬಂತು, ಅದರ ಮೇಲೆ ನಾಲ್ಕು ಹನಿ ನೀರು ಬಿದ್ದರೆ ಎಣ್ಣೆ ಸುರಿದ ಹಾಗೆ. ಈ ನೆಲದ ಮೇಲೆ ತೊಗಲಿನ ತಳ ಬೇಡ, ಗೀರು ಇರುವ ರಬ್ಬರಿನ ತಳ ಬೇಕು. ಹಳೆಯ ಕೈಗಳು ಕಲಿಸಿದ ಲೆಕ್ಕ ಮಾತ್ರ ಹೊಸ ಚಪ್ಪಲಿಗೂ ಅದೇ. ಮನೆಯ ಹಿರಿಯರಿಗೆ ಕೊಳ್ಳುವಾಗ ಇಷ್ಟು ನೋಡಿರಿ. ಹಿಮ್ಮಡಿಯ ಹಿಂದೆ ಪಟ್ಟಿ ಇರಲಿ. ತಳ ಸಪಾಟಾಗಿ, ಅಗಲವಾಗಿ ಇರಲಿ. ಬೆರಳು ಹರಡಲು ಜಾಗ ಇರಲಿ. ಮೆತ್ತಗೆ ಭಾಳ ಬೇಡ, ಭಾರ ಭಾಳ ಬೇಡ. ಒಂದಂಗುಲ ದೊಡ್ಡದು ಇರಲಿ, ಬೇಕಾದಷ್ಟು ದಿನ ಬರುತ್ತದೆ ಅನ್ನುವ ಜಿಪುಣತನ ಬೇಡ, ಸಡಿಲ ಚಪ್ಪಲಿಯೇ ಮುಗ್ಗರಿಸುವುದು. ಕೊಳ್ಳುವ ಮೊದಲು ಅಂಗಡಿಯಲ್ಲಿ ಹತ್ತು ಹೆಜ್ಜೆ ನಡೆಸಿರಿ, ಸಂಜೆ ಹೊತ್ತು ಹೋಗಿರಿ, ಆಗ ಕಾಲು ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಟೈಲ್ಸ್ ಮೇಲೆ ಬರೀ ಕಾಲುಚೀಲ ಹಾಕಿ ಓಡಾಡಲು ಬಿಡಬೇಡಿರಿ. ಸಕ್ಕರೆ ಕಾಯಿಲೆ ಇದ್ದವರು ಬರಿಗಾಲಿನಲ್ಲಿ ಹೊಲಕ್ಕೆ ಹೋಗಬಾರದು, ಜೋಮು ಹಿಡಿದ ಕಾಲಿಗೆ ಮುಳ್ಳು ನೆಟ್ಟದ್ದೂ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ತಿಂಗಳಿಗೊಮ್ಮೆ ಮನೆಯವರ ಚಪ್ಪಲಿ ತಿರುವಿ ತಳ ನೋಡಿರಿ. ಒಂದು ಬದಿ ಹೆಚ್ಚು ಸವೆದಿದ್ದರೆ ಅವರ ಮೊಣಕಾಲೋ ಸೊಂಟವೋ ಏನೋ ಹೇಳುತ್ತದೆ, ಡಾಕ್ಟರಿಗೆ ತೋರಿಸಿರಿ. ಬಸ್‌ಸ್ಟ್ಯಾಂಡಿನ ಬದಿಗೆ ಛತ್ರಿ ಕೆಳಗೆ ಕೂತು ಹೊಲಿಯುವವರು ಇದ್ದಾರಲ್ಲ, ಅವರ ಬಳಿ ಪಟ್ಟಿ ಬಿಗಿ ಮಾಡಿಸಿರಿ, ತಳಕ್ಕೆ ಹೊಸ ರಬ್ಬರು ಹಾಕಿಸಿರಿ. ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿರಿ. ಅವರ ಹಿರಿಯರ ಕೈಯಲ್ಲಿ ನಮ್ಮ ಹಿರಿಯರು ನೆಟ್ಟಗೆ ನಡೆದರು. ಅವರೂ ಈ ಊರಲ್ಲಿ, ಯಾರ ಮನೆ ಮುಂದಾದರೂ ಸರಿ, ಮೆಟ್ಟು ಮೆಟ್ಟಿ ನೆಟ್ಟಗೆ ನಡೆಯಬೇಕು.